ಎರಡು ಬಿಳಿಕಲ್ಲುಗಳ ಚೀಟಿ

ಈ ಅವಾಂತರಕ್ಕೆಲ್ಲ ಕಾರಣವಾದದ್ದು ಒಂದು ಹನಿ ವಿನಿಗರ್. ಅದೂ ಸೌತೆಕಾಯಿ ಸಾಲಡ್‌ಗೆ ಅಂತ ಸ್ತೇಫ್ಕಾ ತಂದಿಟ್ಟುಕೊಂಡಿದ್ದ ವಿನಿಗರ್.

ಜೂನ್ ತಿಂಗಳ ಆ ಮಂಗಳವಾರ ಬೆಳಗ್ಗೆ ಆರು ಗಂಟೆಗೆ ಮೆತೋದಿ ಯಾಂಕುಲೋವ್ ಅಡಿಗೆಮನೆಯ ಮೇಜಿನ ಮುಂದೆ ಕೂತು ಎರಡು ಬಿಳಿಕಲ್ಲುಗಳನ್ನು ದಿಟ್ಟಿಸುತ್ತಿದ್ದ. ವಯಸ್ಸು ಐವತ್ತೆರಡು. ಸೋಫಿಯಾ ಊರಿನ ಅಂಚಿನಲ್ಲಿರುವ ಒಂದು ಕಾಲೇಜಿನ ಕಲ್ಲಿನ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತು ವರ್ಷದಿಂದ ಅಟೆಂಡರ್. ಬೀಗ ತೆಗೆಯುವುದು, ಧೂಳು ಹೊಡೆಯುವುದು, ಡ್ರಾಯರುಗಳಿಗೆ ಎಣ್ಣೆ ಬಿಡುವುದು ಅವನ ಕೆಲಸ. ಆದರೆ ಬರುವ ಅಕ್ಟೋಬರಿನಿಂದ ಮ್ಯೂಸಿಯಮ್ಮಿಗೆ ಅಟೆಂಡರ್ ಬೇಡವಂತೆ, ‘ಸಂಗ್ರಹ ಸಹಾಯಕ’ ಬೇಕಂತೆ. ಆ ಹುದ್ದೆಗೆ ಮೊದಲ ವರ್ಷದ ಭೂವಿಜ್ಞಾನ ಪಾಸಾಗಿರಬೇಕು. ಪಾಸಾಗದಿದ್ದರೆ ಮೆತೋದಿ ಹೊಸ ಕಟ್ಟಡದ ಪಾರ್ಕಿಂಗ್ ಗೇಟಿಗೆ ಹೋಗಿ, ಕಾರು ಬಂದಾಗ ಅಡ್ಡಗಂಬ ಎತ್ತಿ, ಹೋದಮೇಲೆ ಇಳಿಸಿಕೊಂಡು ಕೂರಬೇಕು. ಇಪ್ಪತ್ತು ವರ್ಷ ಕಲ್ಲುಗಳ ಜೊತೆ ಕಳೆದವನಿಗೆ ಕಾರುಗಳ ಜೊತೆ ಬಾಳುವ ಮನಸ್ಸಿರಲಿಲ್ಲ. ಹೀಗಾಗಿ ಈ ವಯಸ್ಸಿನಲ್ಲಿ ಹತ್ತೊಂಬತ್ತರ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಒಂದು ವರ್ಷ ಪಾಠ ಕೇಳಿದ್ದ. ಇವತ್ತು ಪರೀಕ್ಷೆ.

ಓದು ಅವನಿಗೆ ಅಷ್ಟೇನೂ ಕಷ್ಟವೆನಿಸಿರಲಿಲ್ಲ. ಮ್ಯೂಸಿಯಮ್ಮಿನಲ್ಲಿದ್ದ ನಾಲ್ಕು ಸಾವಿರದ ಇನ್ನೂರು ಕಲ್ಲುಗಳೂ ಮುಖಪರಿಚಯದವು. ಇದು ಆನೆಕಿವಿಯ ಹಾಗಿರುವುದು, ಗ್ರಾನೈಟ್. ಇದು ಮೂಲೆ ಮುರಿದಿರುವುದು, ಬಸಾಲ್ಟ್. ಹೀಗೆ ಕಲ್ಲಿನ ಮೂತಿ ನೋಡಿ ಅದರ ಕೆಳಗಿನ ಚೀಟಿಯ ಹೆಸರು ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವರ್ಷವರ್ಷವೂ ಪರೀಕ್ಷೆಗೆ ಮುಂಚೆ ಹುಡುಗರು ಬಂದು ಗೋಗರೆದಾಗ ಈ ವಿದ್ಯೆಯನ್ನು ಧಾರಾಳವಾಗಿ ಹಂಚುತ್ತಿದ್ದ. ಈ ಎರಡು ಬಿಳಿಕಲ್ಲುಗಳಿಗಂತೂ ಅವನು ಕಟ್ಟಿದ ಸೂತ್ರ ಕಾಲೇಜಿಗೆಲ್ಲ ಬಾಯಿಪಾಠವಾಗಿತ್ತು: ‘ಬೂಟು ಅಮೃತಶಿಲೆ, ಬ್ರೆಡ್ಡು ಬೆಣಚುಶಿಲೆ.’ ಒಂದು ಕಲ್ಲು ಬೂಟಿನಂತೆ ಇತ್ತು, ಇನ್ನೊಂದು ಬ್ರೆಡ್ಡಿನಂತೆ. ಎರಡೂ ಹಾಲಿನಷ್ಟು ಬಿಳುಪು.

ಕೊನೇ ಗಳಿಗೆಯ ಅಭ್ಯಾಸಕ್ಕೆಂದು ಆ ಎರಡನ್ನೂ ಹಿಂದಿನ ಸಂಜೆ ಮನೆಗೆ ತಂದಿದ್ದ. ಪುಸ್ತಕದಲ್ಲಿ ‘ಅಮೃತಶಿಲೆಯನ್ನು ಮೊಳೆಯಿಂದ ಗೀಚಬಹುದು, ಗೀಚಿದ ಪುಡಿಗೆ ಹುಳಿ ತಾಗಿದರೆ ನೊರೆ ಬರುತ್ತದೆ, ಬೆಣಚುಶಿಲೆಗೆ ಇವೆರಡೂ ಆಗವು’ ಎಂದಿತ್ತು. ಸುಮ್ಮನೆ ತಮಾಷೆಗೆ ಎಂದು ಮೊಳೆ ತೆಗೆದು ಬೂಟನ್ನು ಗೀಚಿದ. ಮೊಳೆಯೇ ಸವೆಯಿತು. ಬ್ರೆಡ್ಡನ್ನು ಗೀಚಿದ. ಬಿಳಿ ಪುಡಿ ಉದುರಿತು. ಅದರ ಮೇಲೆ ಒಂದು ಹನಿ ವಿನಿಗರ್ ಬಿಟ್ಟ. ಪುಡಿ ಸೋಡಾ ಬಾಟಲಿಯ ಬಾಯಿಯಂತೆ ಗುಳುಗುಳು ಎಂದಿತು.

ಬೂಟು ಬೆಣಚುಶಿಲೆ. ಬ್ರೆಡ್ಡು ಅಮೃತಶಿಲೆ. ಚೀಟಿಗಳು ಅದಲುಬದಲಾಗಿವೆ.

ಯಾವಾಗ, ಹೇಗೆ ಎಂದು ಬಹಳ ಯೋಚಿಸಬೇಕಾಗಲಿಲ್ಲ. ಒಂಬತ್ತು ವರ್ಷದ ಹಿಂದೆ, ಟ್ರಿಫನ್ ಸಂತನ ಹಬ್ಬದ ದಿನ, ದ್ರಾಕ್ಷಿ ಬಳ್ಳಿ ಕತ್ತರಿಸುವ ಶಾಸ್ತ್ರ ಮುಗಿಸಿ, ಹಬ್ಬದ ವೈನನ್ನೂ ಮುಗಿಸಿ ಮ್ಯೂಸಿಯಮ್ಮಿಗೆ ಬಂದವನು ಒಂದು ಡ್ರಾಯರನ್ನು ಕಾಲ ಮೇಲೆ ಬೀಳಿಸಿಕೊಂಡಿದ್ದ. ಉದುರಿದ ಬೇರೆ ಕಲ್ಲು, ಚೀಟಿಗಳನ್ನೆಲ್ಲ ಸರಿಯಾಗಿ ಜೋಡಿಸಿದ್ದ. ಬಿಳಿಕಲ್ಲುಗಳ ಎರಡು ಚೀಟಿಯ ವಿಷಯದಲ್ಲಿ ಮಾತ್ರ, ಎರಡೂ ಬಿಳಿಯೇ ತಾನೇ ಎಂದುಕೊಂಡಿದ್ದ.

“ಸ್ತೇಫ್ಕಾ! ಅನ್ಯಾಯ ಆಗೋಯ್ತು ಕಣೇ!”

ಸ್ತೇಫ್ಕಾ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿಯ ತಟ್ಟೆ ಹಿಡಿದು ಬಂದಳು. “ವಿನಿಗರೆಲ್ಲ ಕಲ್ಲಿಗೆ ಸುರಿದ್ಯಾ? ಸಂಜೆಗೆ ಸಾಲಡ್ ಏನ್ ಮಾಡ್ಲಿ, ಇದನ್ನೇ ಹೆಚ್ಚಿ ಹಾಕ್ಲಾ?”

“ಹೆಸರು ಅದಲುಬದಲು ಆಗಿದೆ. ಪರೀಕ್ಷೆ ಶುರುವಾಗೋಕೆ ಮುಂಚೆ ಹೋಗಿ ಚೀಟಿ ಬದಲಾಯಿಸ್ಬೇಕು.”

“ಇಪ್ಪತ್ತು ವರ್ಷದಿಂದ ಅವಕ್ಕೆ ಸ್ನಾನ ಮಾಡಿಸ್ತಿದ್ದೀಯ, ಯಾರು ಯಾರು ಅಂತ ಇವತ್ತು ಗೊತ್ತಾಯ್ತಾ?” ಎಂದಳು ಸ್ತೇಫ್ಕಾ. ಅವಳು ತಮಾಷೆಗೆಂದೇ ಅಂದಳು. ಆದರೆ ಆ ಮಾತು ಮೆತೋದಿಗೆ ಎಲ್ಲೋ ಒಳಗೆ ಚುಚ್ಚಿತು.

ಎರಡು ಕಲ್ಲುಗಳನ್ನೂ ಕೋಟಿನ ಎರಡು ಜೇಬಿಗೆ ತುರುಕಿಕೊಂಡು ಬಾಗಿಲಿಗೆ ಓಡಿದ. ಸ್ತೇಫ್ಕಾ ಆಗಲೇ ಚೊಂಬು ಹಿಡಿದು ನಿಂತಿದ್ದಳು. ಪರೀಕ್ಷೆಗೆ ಹೊರಟವನ ಮುಂದೆ ನೀರು ಚೆಲ್ಲಬೇಕು. ಕೆಲಸ ನೀರು ಹರಿದಷ್ಟು ಸರಾಗವಾಗಬೇಕು. ಚೆಲ್ಲಿದಳು. ಮೆತೋದಿ ದಾಟಿದ. ಅಲ್ಲಿಗೆ ಮುಗಿದಿದ್ದರೆ ಏಳು ಗಂಟೆಯ ಟ್ರಾಮ್ ಸಿಗುತ್ತಿತ್ತು.

ಕೆಳಗಿನ ಮಹಡಿಯಲ್ಲಿ ಝ್ಲಾತ್ಕಾ ಚಿಕ್ಕಮ್ಮ ಬಕೆಟ್ಟಿನ ಸಮೇತ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಇಡೀ ಕಟ್ಟಡದ ಮದುವೆ, ಮುಂಜಾವಿನ ಜಗಳ, ಪರೀಕ್ಷೆ, ಆಪರೇಷನ್ನು ಎಲ್ಲವೂ ಅವಳ ಉಸ್ತುವಾರಿಯಲ್ಲೇ ನಡೆಯಬೇಕು.

“ನಿಲ್ಲೋ ಮಗಾ. ಅವಳು ಹಾಕೋ ಒಂದು ಚೊಂಬು ನೀರಲ್ಲಿ ಭೂಮಿ ಪರೀಕ್ಷೆ ಪಾಸಾಗುತ್ತಾ? ಭೂಮಿ ಎಷ್ಟು ದೊಡ್ಡದು!” ಎಂದು ಅರ್ಧ ಬಕೆಟ್ ಸುರಿದಳು. ಮೆತೋದಿ ನೆಗೆದ.

“ಅಯ್ಯೋ ದೇವರೇ, ಎಡಗಾಲು ಇಟ್ಯಲ್ಲೋ! ಮೇಲೆ ಹೋಗು, ವಾಪಸ್ ಹೋಗು. ಬಲಗಾಲು ಇಟ್ಕೊಂಡು ಬಾ.”

“ಚಿಕ್ಕಮ್ಮ, ಟ್ರಾಮ್ ಹೋಗ್ಬಿಡುತ್ತೆ.”

“ಟ್ರಾಮ್ ದಿನಾ ಬರುತ್ತೆ. ಪರೀಕ್ಷೆ ದಿನಾ ಬರುತ್ತಾ?”

ಮೆತೋದಿ ಮೇಲೆ ಹೋಗಿ ಬಲಗಾಲು ಮುಂದಿಟ್ಟು ಬಂದ. ಬಕೆಟ್ಟಿನ ಉಳಿದರ್ಧವೂ ಹರಿಯಿತು. ಕಾಲಿನ ಬೂಟಿನೊಳಗೆ ನೀರು ಪಚಪಚ ಎನ್ನುತ್ತಿರುವಾಗಲೇ ರಸ್ತೆಗೆ ಬಿದ್ದ. ಅಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಯಿಂದ ನಿವೃತ್ತ ಡ್ರೈವರ್ ಗೆಂಚೋ “ಯಶಸ್ಸು ಸಿಗ್ಲಿ ಮೆತೋದೀ!” ಎಂದು ಕೂಗಿ ಒಂದು ಕೆಟಲ್ ನೀರನ್ನು ಕೆಳಗೆ ಬಿಟ್ಟ. ಗೆಂಚೋನಿಗೆ ಕಣ್ಣು ಮಂಜು. ನೀರು ಮೆತೋದಿಯ ಮುಂದೆ ಬೀಳದೆ ನೆತ್ತಿಯ ಮೇಲೆ ಬಿತ್ತು. ಕೆಟಲ್ ಒಲೆಯ ಮೇಲೆ ಇರಲಿಲ್ಲವೆನ್ನುವುದೊಂದೇ ಪುಣ್ಯ.

ಟ್ರಾಮ್ ತಪ್ಪಿತು. ಮುಂದಿನದನ್ನು ಹಿಡಿದು, ಎಂಟೂಕಾಲಿಗೆ ಮ್ಯೂಸಿಯಮ್ಮಿನ ಬಾಗಿಲು ತೆಗೆದ. ತೆಗೆದದ್ದೇ ತಡ, ಮೆಟ್ಟಿಲ ಮೇಲೆ ಕಾದಿದ್ದ ಇಪ್ಪತ್ತಮೂರು ವಿದ್ಯಾರ್ಥಿಗಳೂ ಸಕ್ಕರೆ ಡಬ್ಬಿಗೆ ಇರುವೆ ನುಗ್ಗುವಂತೆ ಒಳಗೆ ನುಗ್ಗಿದರು.

“ಮೆತೋದಿ ಮಾಮ, ಬಿಳಿಕಲ್ಲು ಎಲ್ಲಿ? ಡ್ರಾಯರ್ ಖಾಲಿ ಇದೆ!”

“ಕಳ್ಳತನ ಆಯ್ತಾ ಮಾಮ?”

ಮೆತೋದಿ ಜೇಬಿನಿಂದ ಬೂಟನ್ನೂ ಬ್ರೆಡ್ಡನ್ನೂ ತೆಗೆದ. ಯಾರೋ ಕಸಿದುಕೊಂಡು ಸೂತ್ರದ ಪ್ರಕಾರ ಚೀಟಿಗಳ ಮೇಲೆ ಇಟ್ಟರು. ಇನ್ನೊಬ್ಬರು ಫೋಟೋ ತೆಗೆದರು. ಎಲ್ಲರೂ ಗುಣಗುಣಿಸತೊಡಗಿದರು: ಬೂಟು ಅಮೃತಶಿಲೆ, ಬ್ರೆಡ್ಡು ಬೆಣಚುಶಿಲೆ. ತನ್ನದೇ ಸೂತ್ರ ಇಪ್ಪತ್ತಮೂರು ಬಾಯಿಯಿಂದ ಕಿವಿಗೆ ಬೀಳುತ್ತಿದ್ದರೆ ಮೆತೋದಿಗೆ ಬೆವರು ಕಿತ್ತುಕೊಂಡಿತು.

“ಎಲ್ರೂ ಸ್ವಲ್ಪ ಹೊರಗೆ ಇರಿ. ಗುಡಿಸ್ಬೇಕು.”

“ಗುಡಿಸಿ ಮಾಮ, ಕಾಲು ಎತ್ಕೊಳ್ತೀವಿ.”

ಎತ್ತಿಕೊಂಡೇ ಬಿಟ್ಟರು. ಮೆತೋದಿ ಪೊರಕೆ ಹಿಡಿದು ಇಪ್ಪತ್ತಮೂರು ಜೊತೆ ಎತ್ತಿದ ಕಾಲುಗಳ ಕೆಳಗೆ ಗುಡಿಸಿದ. ಡ್ರಾಯರಿನ ಹತ್ತಿರಕ್ಕೂ ಹೋಗಲಾಗಲಿಲ್ಲ. ಅಷ್ಟರಲ್ಲಿ ಆಫೀಸಿನ ವಾಸ್ಕಾ ಬಂದಳು. ಕಾಲೇಜಿನ ಕಡತಗಳಷ್ಟೇ ಕಾಲೇಜಿನವರ ಕಷ್ಟಸುಖವೂ ಅವಳ ಬಳಿ ಇರುತ್ತದೆ.

“ಮೆತೋದೀ, ಇವತ್ತು ನಿನ್ನ ದಿನ! ನಿಂಗೆ ಯಾರಾದ್ರೂ ನೀರು ಹಾಕಿದ್ರಾ?”

“ಇಲ್ಲ ವಾಸ್ಕಾ, ಇದು ಬೆವರು,” ಎಂದ ಮೆತೋದಿ ಕೂದಲು ಹಿಂಡಿಕೊಳ್ಳುತ್ತಾ.

ಅವಳು ಅದನ್ನು ನಿಜವೆಂದೇ ತಿಳಿದು, ಕಿಟಕಿಯಲ್ಲಿದ್ದ ಹೂದಾನಿಯ ನೀರನ್ನು ಹೂವಿನ ಸಮೇತ ಅವನ ಕಾಲ ಬಳಿ ಸುರಿದಳು. ಒರೆಸುವಷ್ಟರಲ್ಲಿ ಒಂಬತ್ತಾಯಿತು. ಮೇಲಿನ ಕೋಣೆಯಿಂದ ಗಂಟೆ ಕೇಳಿಸಿತು. ಬಿಳಿಕಲ್ಲುಗಳನ್ನು ತಟ್ಟೆಯಲ್ಲಿಟ್ಟು ಪರೀಕ್ಷೆಯ ಕೋಣೆಗೆ ಒಯ್ಯುವುದು ಮೆತೋದಿಯ ಕೆಲಸ. ಒಯ್ದ. ಚೀಟಿಗಳು ಡ್ರಾಯರಿನಲ್ಲಿ ಹಾಗೆಯೇ ಉಳಿದವು.

ಪರೀಕ್ಷೆ ನಡೆಸುವವರು ಕಲೀನಾ ದ್ರಗೋವಾ ಮೇಡಂ. ಅರವತ್ತೈದರ ಆಸುಪಾಸು, ಸಣ್ಣ ಜೀವ, ತಣ್ಣನೆಯ ಮಾತು. ಹುಡುಗರು ಅವರಿಗಿಟ್ಟ ಹೆಸರು ‘ಸೆಪ್ಟೆಂಬರ್ ಮೇಡಂ’. ಅವರ ಮುಂದೆ ಕೂತ ಅರ್ಧಕ್ಕಿಂತ ಹೆಚ್ಚು ಜನ ಸೆಪ್ಟೆಂಬರಿನಲ್ಲಿ ಮತ್ತೆ ಕೂರಲೇಬೇಕಾಗುತ್ತಿತ್ತು. ಮೇಜಿನ ಮೇಲೆ ಮಡಿಚಿಟ್ಟ ಪ್ರಶ್ನೆಗಳಿಂದ ಒಂದನ್ನು ಎತ್ತಬೇಕು. ಅದಕ್ಕೆ ಉತ್ತರ ಹೇಳಿದ ಮೇಲೆ ಯಾರೇ ಆಗಲಿ, ಎರಡು ಬಿಳಿಕಲ್ಲುಗಳನ್ನು ಗುರುತಿಸಬೇಕು. ಬಿಳಿಕಲ್ಲು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಎರಡೇ ಅಂಕ, ಅಂದರೆ ನಪಾಸು. ಕರೆಯುವುದು ಕುಲನಾಮದ ಅಕ್ಷರದ ಕ್ರಮದಲ್ಲಿ. ಯಾಂಕುಲೋವ್ ಎನ್ನುವ ಹೆಸರು ಅಲ್ಲಿನ ವರ್ಣಮಾಲೆಯ ಕಟ್ಟಕಡೆಯ ಅಕ್ಷರದಿಂದ ಶುರುವಾಗುವುದರಿಂದ ಮೆತೋದಿಯ ಸರದಿ ಎಲ್ಲರಿಗಿಂತ ಕೊನೆಗೆ.

ಮೇಡಂ ಬಳಿ ಇರುವುದೂ ಡ್ರಾಯರಿನ ಚೀಟಿಯ ಪ್ರಕಾರದ ಪಟ್ಟಿಯೇ ಇರಬೇಕು, ಹಾಗಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಮೆತೋದಿ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ಹೊರಗೆ ಕೂತ. ಆ ಸಮಾಧಾನ ಒಂಬತ್ತೂ ಇಪ್ಪತ್ತರವರೆಗೆ ಬಾಳಿತು. ಮೊದಲ ಹುಡುಗ ಹೊರಬಂದ.

“ಏನಾಯ್ತೋ?”

“ಭೂಕಂಪ ಕೇಳಿದ್ರು, ಪಟಪಟ ಹೇಳ್ದೆ. ಬಿಳಿಕಲ್ಲು ತೋರಿಸಿದ್ರು. ಬೂಟು ಅಮೃತಶಿಲೆ ಅಂದೆ. ‘ಸೆಪ್ಟೆಂಬರಲ್ಲಿ ಸಿಗೋಣ’ ಅಂದ್ರು.”

ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವನು ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಿದ. ಮಧ್ಯಾಹ್ನದೊಳಗೆ ಹನ್ನೆರಡು ಜನ ಹೋಗಿ ಬಂದರು. ಹನ್ನೊಂದು ಜನ ಬಿದ್ದರು. ಪಾಸಾದವನು ಒಬ್ಬನೇ, ವರ್ಷವೆಲ್ಲ ಕಾಲೇಜಿನ ಫುಟ್ಬಾಲ್ ಮೈದಾನದಲ್ಲೇ ಇದ್ದವನು. ಬೆಳಗ್ಗೆಯೂ ಗೆಳೆಯರ ಹಿಂದೆ ಒಳಗೆ ಬಂದವನು ಬಾಗಿಲ ಬಳಿಯೇ ನಿಂತು ನಿದ್ದೆ ಹೊಡೆದಿದ್ದ.

“ನೀನು ಹೇಗೋ ಹೇಳ್ದೆ?” ಎಂದು ಮೆತೋದಿ ಕೇಳಿದ.

“ನಂಗೆ ಯಾವುದು ಏನಂತಾನೇ ಗೊತ್ತಿರಲಿಲ್ಲ ಮಾಮ. ಒಂದು ಚಾಕು ಕೊಡಿ ಮೇಡಂ ಅಂದೆ, ಗೀಚಿ ನೋಡ್ದೆ.”

ಮೆತೋದಿಗೆ ಈಗ ಎಲ್ಲವೂ ಸ್ಪಷ್ಟವಾಯಿತು. ಮೇಡಂ ಕಲ್ಲನ್ನು ನೋಡಿ ಅಂಕ ಹಾಕುತ್ತಾರೆ. ಹುಡುಗರು ಚೀಟಿಯನ್ನು ನೋಡಿ ಉತ್ತರ ಹೇಳುತ್ತಾರೆ. ನಡುವೆ ನಿಂತು ಇಬ್ಬರನ್ನೂ ಕೆಡಿಸಿದವನು ತಾನು. ಒಂಬತ್ತು ವರ್ಷ. ವರ್ಷಕ್ಕೆ ಹನ್ನೆರಡೋ ಹದಿನೈದೋ ಜನ. ಅವರೆಲ್ಲ ಪರೀಕ್ಷೆಗೆ ಮುಂಚೆ ಅವನ ಕೈ ಕುಲುಕಿ ಹೋಗಿದ್ದರು. ಕೆಲವರು ಚಾಕಲೇಟು ಕೊಟ್ಟಿದ್ದರು. ಅವನು ತಿಂದೂ ಇದ್ದ. ಅದನ್ನು ನೆನೆದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಕಲೀನಾ ಮೇಡಂ ಬಳಿ ಹೋಗಿ ಹೇಳಿಬಿಡಲೇ ಎಂದು ಎದ್ದ. ಸಂಗ್ರಹ ಸಹಾಯಕನ ಹುದ್ದೆಗೆ ಶಿಫಾರಸು ಬರೆಯಬೇಕಾದವರು ಅವರೇ. ಸಂಗ್ರಹವನ್ನೇ ಕಲಸಿಟ್ಟವನಿಗೆ ಏನಂತ ಬರೆದಾರು? ಪಾರ್ಕಿಂಗ್ ಗೇಟಿನ ಅಡ್ಡಗಂಬ ಕಣ್ಣ ಮುಂದೆ ಎದ್ದು ನಿಂತಿತು. ಕೂತುಬಿಟ್ಟ.

ಊಟದ ಬಿಡುವಿನಲ್ಲಿ ತಟ್ಟೆಯನ್ನು ವಾಪಸು ತಂದು ಒಳಗಿನಿಂದ ಚಿಲಕ ಹಾಕಿಕೊಂಡ. ಕಲ್ಲುಗಳನ್ನೇ ಅದಲುಬದಲು ಮಾಡೋಣವೆಂದರೆ ಬೂಟಿನ ಗುಳಿಯಲ್ಲಿ ಬ್ರೆಡ್ಡು ಕೂರುತ್ತಿರಲಿಲ್ಲ. ಚೀಟಿಗಳು ಹಿತ್ತಾಳೆಯ ಚೌಕಟ್ಟಿನಲ್ಲಿ ಒಂಬತ್ತು ವರ್ಷದಿಂದ ಕಚ್ಚಿಕೊಂಡಿದ್ದವು. ಉಗುರು ಹಾಕಿದ, ಬರಲಿಲ್ಲ. ಕೀಲಿಕೈ ಹಾಕಿದ, ಬರಲಿಲ್ಲ. ಕೊನೆಗೆ ಆಫೀಸಿಗೆ ಓಡಿ ವಾಸ್ಕಾಳಿಂದ ಹುಬ್ಬು ಕೀಳುವ ಚಿಮಟ ಇಸಕೊಂಡು ಬಂದ. “ಪರೀಕ್ಷೆಗೆ ಮುಂಚೆ ಹುಬ್ಬು ಯಾಕಪ್ಪಾ?” ಎಂದವಳಿಗೆ “ಮೇಡಂ ಎದುರು ಚೆನ್ನಾಗಿ ಕಾಣ್ಬೇಕಲ್ಲ” ಎಂದ. ಅದು ಹತ್ತೇ ನಿಮಿಷದಲ್ಲಿ ಇಡೀ ಕಾಲೇಜಿಗೆ ಹರಡಿತು. ಚೀಟಿಗಳಂತೂ ಬದಲಾದವು. ಈಗ ಬೂಟಿನ ಕೆಳಗೆ ಬೆಣಚುಶಿಲೆ, ಬ್ರೆಡ್ಡಿನ ಕೆಳಗೆ ಅಮೃತಶಿಲೆ. ಒಂಬತ್ತು ವರ್ಷದ ತಪ್ಪು ಒಂದು ಚಿಮಟದಿಂದ ಸರಿಹೋಯಿತೆಂದು ಮೆತೋದಿ ದೊಡ್ಡದೊಂದು ಉಸಿರು ಬಿಟ್ಟು ಚಿಲಕ ತೆಗೆದ.

ಮಧ್ಯಾಹ್ನದ ಸರದಿಯ ಹನ್ನೊಂದು ಜನ ಬಾಗಿಲಲ್ಲೇ ಇದ್ದರು. ಅವರ ಮುಂದೆ ರಾಲಿತ್ಸಾ. ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದಿ, ಕೈಗೆ ಹಿಟ್ಟು ಮೆತ್ತಿಕೊಂಡೇ ಕಾಲೇಜಿಗೆ ಬರುವ ಹುಡುಗಿ. ಈ ಪರೀಕ್ಷೆ ಅವಳಿಗೆ ಮೂರನೆಯ ಸಲ. ಈ ಸಲವೂ ಹೋದರೆ ಕಾಲೇಜಿನಿಂದ ಹೆಸರೇ ತೆಗೆದುಹಾಕುತ್ತಾರೆ. ಅವಳು ಡ್ರಾಯರಿಗೆ ಬಗ್ಗಿ ನೋಡಿ ತಲೆಯೆತ್ತಿದಳು.

“ಮಾಮ, ಬೂಟು ಅಮೃತಶಿಲೆ ಅಂತ ನೀವೇ ಹೇಳಿದ್ರಲ್ಲ? ಇಲ್ಲಿ ಬೆಣಚು ಅಂತಿದೆ.”

“ಹೌದಮ್ಮ. ಅದು ಬೆಣಚೇ.”

“ಬೆಳಗ್ಗೆ ಅಮೃತಶಿಲೆ ಆಗಿತ್ತು! ನನ್ನ ಫೋನಲ್ಲಿ ಫೋಟೋ ಇದೆ. ಊಟದ ಹೊತ್ತಲ್ಲಿ ಕಲ್ಲು ಜಾತಿ ಬದಲಾಯಿಸ್ತಾ?”

“ಫೋಟೋ ಅಳಿಸ್ಬಿಡು. ನನ್ನ ಮಾತು ಕೇಳು, ರಾಲಿತ್ಸಾ.”

“ಎರಡು ಸಲ ನಿಮ್ಮ ಮಾತು ಕೇಳೇ ಬಿದ್ದೆ, ಮಾಮ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಮೆತೋದಿಗೆ ತಲೆಯೆತ್ತಲಾಗಲಿಲ್ಲ. “ಮೂರನೇ ಸಲಾನೂ ಕೇಳಮ್ಮ,” ಎಂದ ಮೆಲ್ಲಗೆ. ಅವನ ಮುಖದಲ್ಲಿ ಅವಳು ಏನು ಕಂಡಳೋ, ಬಾಯಿಪಾಠ ತಿರುಗಿಸಿದಳು: ಬೂಟು ಬೆಣಚು, ಬ್ರೆಡ್ಡು ಅಮೃತಶಿಲೆ. ಉಳಿದ ಹತ್ತೂ ಜನ ಅವಳ ಹಿಂದೆ ದನಿಗೂಡಿಸಿದರು.

ಮಧ್ಯಾಹ್ನದ ನಂತರ ಆ ಕಾರಿಡಾರಿನ ಹವೆಯೇ ಬದಲಾಯಿತು. ಮೊದಲು ಒಳಗೆ ಹೋದವನು ಕುಣಿಯುತ್ತಾ ಹೊರಬಂದ. ಐದು ಅಂಕ. ಅವನ ಹಿಂದಿನವಳಿಗೂ ಐದು. ರಾಲಿತ್ಸಾಗೆ ಆರು, ಆರಕ್ಕಿಂತ ಮೇಲೆ ಅಂಕವೇ ಇಲ್ಲ. ಅವಳು ಮೆತೋದಿಯನ್ನು ತಬ್ಬಿ ಕೆನ್ನೆಗೆ ಮುತ್ತು ಕೊಟ್ಟು, ಅವನ ಕೋಟಿಗೆಲ್ಲ ಹಿಟ್ಟು ಹಚ್ಚಿ ಓಡಿದಳು. “ಮಾಮ, ಮೇಡಂ ನಕ್ಕರು! ಅವರಿಗೆ ಹಲ್ಲಿದೆ!” ಎಂದು ಮೆಟ್ಟಿಲಿನಿಂದ ಕೂಗಿದಳು. ಹನ್ನೊಂದಕ್ಕೆ ಹನ್ನೊಂದೂ ಪಾಸು. ಸಂಜೆ ಐದಕ್ಕೆ ಮೆತೋದಿಯ ಹೆಸರು ಕೂಗಿದರು.

ಕಲೀನಾ ಮೇಡಂ ನಿಜಕ್ಕೂ ನಗುಮುಖದಲ್ಲಿದ್ದರು. ಮೆತೋದಿ ಮಡಿಚಿದ ಪ್ರಶ್ನೆ ಎತ್ತಿದ. ನದಿಗಳ ಬಗ್ಗೆ ಬಂದಿತ್ತು. ವಿಟೋಶಾ ಬೆಟ್ಟದಲ್ಲಿ ಬಂಡೆಗಳೇ ನದಿಯಂತೆ ಹರಿದು ನಿಂತಿರುವುದರಿಂದ ಹಿಡಿದು, ನದಿಯ ಮುಖದಲ್ಲಿ ಮಣ್ಣು ಕೂಡುವುದರವರೆಗೆ ತೊದಲದೆ ಹೇಳಿದ. ಆಮೇಲೆ ಬಿಳಿಕಲ್ಲುಗಳು ಮುಂದೆ ಬಂದವು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವನು ಭೂತಗನ್ನಡಿ ಕೇಳಿದ. ಇಪ್ಪತ್ತು ವರ್ಷ ಬಟ್ಟೆಯಿಂದ ಒರೆಸಿದ್ದ ಕಲ್ಲನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದ. ಬೂಟಿನೊಳಗೆ ಮರಳಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಒಡೆದ ಅಂಚಿನಲ್ಲಿ ಗಾಜಿನಂತೆ ಹೊಳೆಯುತ್ತಿದ್ದವು. ಬ್ರೆಡ್ಡಿನೊಳಗೆ ಸಕ್ಕರೆಯ ಹರಳಿನಂಥ ಪುಟ್ಟಪುಟ್ಟ ಮುಖಗಳು ಮಿನುಗುತ್ತಿದ್ದವು. “ಇದು ಯಾವುದೋ ಕಾಲದ ಸಮುದ್ರದಂಡೆಯ ಮರಳು ಮೇಡಂ, ಬೆಂದು ಒತ್ತಡಕ್ಕೆ ಸಿಕ್ಕಿ ಬೆಣಚುಶಿಲೆ ಆಗಿದೆ. ಇದು ಅದೇ ಥರದ ಸಮುದ್ರದ ತಳದಲ್ಲಿ ಚಿಪ್ಪುಗಳು ಕೂಡಿ ಸುಣ್ಣದಕಲ್ಲಾಗಿ, ಆಮೇಲೆ ಬೆಂದು ಅಮೃತಶಿಲೆ ಆದದ್ದು. ಎರಡೂ ಬಿಳಿ, ಅಷ್ಟೇ. ಹುಟ್ಟಿದ್ದು ಬೇರೆ, ಬದುಕಿದ್ದು ಬೇರೆ,” ಎಂದ. ಇಷ್ಟು ವರ್ಷ ಇವುಗಳ ಧೂಳು ಹೊಡೆದೆನೇ ಹೊರತು ಒಂದು ದಿನವೂ ಮಾತಾಡಿಸಲಿಲ್ಲವಲ್ಲ ಎನ್ನಿಸಿತು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಮೆತೋದಿ, ನಿಮಗೊಂದು ಗುಟ್ಟು ಹೇಳ್ತೀನಿ. ಒಂಬತ್ತು ವರ್ಷದ ಹಿಂದೆ ಈ ಎರಡರ ಚೀಟಿ ಅದಲುಬದಲು ಆಗಿದ್ದು ನನ್ನ ಕಣ್ಣಿಗೆ ಬಿತ್ತು. ಸರಿ ಮಾಡೋಕೆ ಕೈ ಹಾಕ್ದೆ. ಆಮೇಲೆ ಬಿಟ್ಟೆ. ಇರಲಿ, ಚೀಟಿ ಓದೋರು ಯಾರು, ಕಲ್ಲು ಓದೋರು ಯಾರು ಅಂತ ಗೊತ್ತಾಗುತ್ತೆ ಅಂತ. ಒಂಬತ್ತು ವರ್ಷದಿಂದ ಹೆಚ್ಚುಕಮ್ಮಿ ಎಲ್ಲರೂ ಚೀಟೀನೇ ಓದ್ತಿದ್ರು. ಇವತ್ತು ಬೆಳಗ್ಗೆಯೂ ಒಬ್ಬನನ್ನ ಬಿಟ್ರೆ ಅದೇ ಕತೆ. ಸಾಕಾಯ್ತು ನಂಗೆ. ಊಟಕ್ಕೆ ಕೂತಾಗ ನಿವೃತ್ತಿ ಅರ್ಜಿ ಬರೆದೆ.” ಮೇಡಂ ಕಸದಬುಟ್ಟಿ ತೋರಿಸಿದರು. “ಮಧ್ಯಾಹ್ನ ಬಂದ ಹನ್ನೊಂದು ಜನರೂ ಸರಿಯಾಗಿ ಹೇಳಿದ್ರು. ಹನ್ನೊಂದು ಜನ! ಅಳು ಬಂತು. ಅರ್ಜಿ ಹರಿದುಹಾಕ್ದೆ. ಈಗ ನೀವು ಹೇಳಿದ್ದಂತೂ... ನಾನು ಪಾಠ ಮಾಡಿದ್ದು ದಂಡ ಆಗ್ಲಿಲ್ಲ.”

ಮೇಡಂ ಅವನ ಅಂಕದ ಪುಸ್ತಕ ತೆರೆದು ಪೆನ್ನು ಹಿಡಿದರು. “ಆರು ಹಾಕ್ತೀನಿ. ಸಂಗ್ರಹ ಸಹಾಯಕನ ಶಿಫಾರಸೂ ಈಗಲೇ. ಹೋಗಿ ಆ ಡ್ರಾಯರ್ ತನ್ನಿ. ಚೀಟಿಗಳನ್ನ ನಿಮ್ಮ ಕೈಯಲ್ಲೇ ಸರಿ ಮಾಡಿಸ್ಬೇಕು ಅಂತ ನನ್ನ ಆಸೆ.”

ಮೆತೋದಿ ಮೆಟ್ಟಿಲಿಳಿದು ಡ್ರಾಯರಿನ ಮುಂದೆ ನಿಂತ. ಚಿಮಟ ಇನ್ನೂ ಜೇಬಿನಲ್ಲೇ ಇತ್ತು. ಎರಡು ಚೀಟಿ ಮತ್ತೆ ಅದಲುಬದಲು ಮಾಡಿದರೆ ಎಲ್ಲವೂ ಸುಸೂತ್ರ: ಮೇಡಂಗೆ ಸಂತೋಷ, ಅವನಿಗೆ ಆರು ಅಂಕ, ಹುದ್ದೆ. ಬೆಳಗ್ಗೆಯಿಂದ ತಪ್ಪನ್ನು ಸರಿ ಮಾಡಲು ಒದ್ದಾಡಿದವನು ಸಂಜೆಗೆ ಸರಿಯನ್ನು ತಪ್ಪು ಮಾಡಬೇಕಿತ್ತು, ಅಷ್ಟೇ. ಚಿಮಟ ಹೊರತೆಗೆದ. ಒಂದು ಚೀಟಿಯ ತುದಿ ಹಿಡಿದೂ ಬಿಟ್ಟ. ಆದರೆ ಆ ಹಾಲುಬಣ್ಣದ ಕಲ್ಲು ಸಮುದ್ರದಂಡೆಯ ಮರಳು ಎಂದು ಒಮ್ಮೆ ತಿಳಿದಮೇಲೆ ಅದರ ಕೆಳಗೆ ಇನ್ನೊಂದು ಹೆಸರು ಇಡಲು ಕೈ ಬರಲಿಲ್ಲ. ಬೈದುಕೊಳ್ಳುತ್ತಾ ಚಿಮಟ ಜೇಬಿಗೆ ಹಾಕಿದ. ಡ್ರಾಯರನ್ನು ಇದ್ದ ಹಾಗೇ ಎತ್ತಿಕೊಂಡು ಮೇಲೆ ಹೋದ.

ಮೇಡಂ ಚೀಟಿಗಳನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ನಾನೇ ಮೇಡಂ,” ಎಂದ ಮೆತೋದಿ. “ಒಂಬತ್ತು ವರ್ಷದ ಹಿಂದೆ ಬೀಳಿಸಿದ್ದೂ ನಾನೇ, ಇವತ್ತು ಊಟದ ಹೊತ್ತಲ್ಲಿ ಸರಿ ಮಾಡಿದ್ದೂ ನಾನೇ.”

“ಬೀಳಿಸಿದ್ದು ನೀವು ಅಂತ ಗೊತ್ತಿತ್ತು. ಆವತ್ತು ಡ್ರಾಯರ್ ಕೂಡ ವೈನ್ ವಾಸನೆ ಹೊಡೀತಿತ್ತು,” ಎಂದರು ಮೇಡಂ. ಆಮೇಲೆ ನಿಧಾನವಾಗಿ ಎರಡನೆಯ ಮಾತು ಅವರಿಗೆ ಅರ್ಥವಾಯಿತು. “ಊಟದ ಹೊತ್ತಲ್ಲಾ? ಅಂದ್ರೆ ಆ ಹನ್ನೊಂದು ಜನ...”

“ಚೀಟಿ ಓದಿದ್ದು ಮೇಡಂ.”

ಮೇಡಂ ಕಸದಬುಟ್ಟಿಯತ್ತ ನೋಡಿದರು. ಕೆಳಗೆ ರಸ್ತೆಯಲ್ಲಿ ಹುಡುಗರು ಹಾಡುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು.

“ಅವರದ್ದು ಶಾಯಿಯಲ್ಲಿ ಬರೆದಾಗಿದೆ. ತಪ್ಪು ಉತ್ತರ ಯಾರೂ ಹೇಳ್ಲಿಲ್ಲವಲ್ಲ, ಅಳಿಸೋ ಹಾಗೂ ಇಲ್ಲ. ಬೆಳಗ್ಗೆಯವರಿಗೆ ಸೆಪ್ಟೆಂಬರ್ ಇದೆ.” ಪೆನ್ನಿನ ಮುಚ್ಚಳ ಹಾಕಿದರು. “ನಿಮ್ಮದೊಂದು ಉಳೀತು. ನೀವು ಕಲ್ಲು ಓದಿ ಹೇಳಿದ್ರೋ, ನೀವೇ ಇಟ್ಟ ಚೀಟಿ ಓದಿ ಹೇಳಿದ್ರೋ? ನಾನು ಹೇಗೆ ತಿಳ್ಕೊಳ್ಲಿ?”

“ಬೆಳಗ್ಗೆ ಮನೇಲಿ ಮೊಳೆಯಿಂದ ಗೀಚಿ ನೋಡ್ದೆ ಮೇಡಂ! ವಿನಿಗರ್ ಹಾಕ್ದೆ! ನನ್ನ ಹೆಂಡತೀನ ಕೇಳಿ.”

“ಭೂವಿಜ್ಞಾನದಲ್ಲಿ ಹೆಂಡತಿಯ ಸಾಕ್ಷಿ ನಡೆಯಲ್ಲ, ಮೆತೋದಿ.”

“ಬೇರೆ ಕಲ್ಲು ಕೊಡಿ. ಯಾವುದಾದ್ರೂ ಕೊಡಿ.”

“ಇಲ್ಲಿರೋ ನಾಲ್ಕು ಸಾವಿರದ ಇನ್ನೂರೂ ನಿಮಗೆ ಮುಖಪರಿಚಯ. ಯಾವುದ್ನ ಕೊಟ್ರೂ ಚೀಟಿ ನೆನಪಾಗುತ್ತೆ.”

“ಅಂಗಳದ ಕಲ್ಲು?”

“ಅಂಗಳ ಗುಡಿಸೋರು ಯಾರು?”

ಫುಟ್ಬಾಲ್ ಹುಡುಗನನ್ನು ಬಿಟ್ಟರೆ ಕಾಲೇಜಿನಲ್ಲಿ ನಿಜವಾಗಿ ಕಲ್ಲನ್ನು ಕಂಡುಕೊಂಡು ಬಂದಿದ್ದ ಒಬ್ಬನೇ ಒಬ್ಬ ವಿದ್ಯಾರ್ಥಿ ಅದನ್ನು ರುಜುವಾತು ಮಾಡಲಾಗದೆ ನಿಂತಿದ್ದ.

“ಸೆಪ್ಟೆಂಬರಲ್ಲಿ ಸಿಗೋಣ,” ಎಂದರು ಮೇಡಂ, ಎಂದಿನ ತಣ್ಣನೆಯ ದನಿಯಲ್ಲಿ. ಆದರೆ ಅಂಕದ ಪುಸ್ತಕವನ್ನು ಅವನ ಕೈಗಿಡುವಾಗ ಸ್ವಲ್ಪ ಮೆತ್ತಗಾದರು. “ಹುದ್ದೆ ಅಲ್ಲೀವರೆಗೂ ಎಲ್ಲೂ ಹೋಗಲ್ಲ. ನೀವು ನಿಜ ಹೇಳ್ತಿದ್ದೀರಿ ಅಂತ ನನ್ನ ಮನಸ್ಸಿಗೆ ಗೊತ್ತು. ಆದ್ರೆ ಮನಸ್ಸಿಗೆ ಗೊತ್ತು ಅಂತ ನಾನು ಯಾರಿಗೂ ಇದುವರೆಗೆ ಅಂಕ ಕೊಟ್ಟಿಲ್ಲ. ನನ್ನ ಬಲೆ ನೀವು ಬಿಚ್ಚಿಬಿಟ್ರಿ. ಹೊಸದು ಹೆಣೀಬೇಕು. ಮ್ಯೂಸಿಯಂ ಕೀಲಿ ನನ್ನ ಹತ್ರಾನೂ ಒಂದಿದೆ. ಈ ಭಾನುವಾರದೊಳಗೆ ಬಂದು ಚೀಟಿ ಬದಲಾಯಿಸಿ ಹೋಗ್ತೀನಿ. ಯಾವ ಡ್ರಾಯರಲ್ಲಿ ಅಂತ ಹೇಳಲ್ಲ.”

“ಒಂದೇ ಜೊತೆ ತಾನೇ ಮೇಡಂ?” ಎಂದು ಮೆತೋದಿ ಆಸೆಯಿಂದ ಕೇಳಿದ.

ಮೇಡಂ ಕೈಚೀಲ ಹೆಗಲಿಗೇರಿಸಿದರು. ಕಸದಬುಟ್ಟಿಯ ಚೂರುಗಳನ್ನು ಕಡೆಯದಾಗಿ ಒಂದು ಸಲ ನೋಡಿದರು. “ಇನ್ನೂ ಒಂದು ವರ್ಷ ಇರ್ತೀನಲ್ಲ, ಕೈಲಾದಷ್ಟು ಮಾಡ್ತೀನಿ,” ಎಂದು ಹೊರಟರು.

ಮುಂದಿನ ಸೋಮವಾರ ಬೆಳಗ್ಗೆ ಏಳಕ್ಕೇ ಮೆತೋದಿ ಮ್ಯೂಸಿಯಮ್ಮಿಗೆ ಬಂದ. ಕೈಯಲ್ಲಿ ಭೂತಗನ್ನಡಿ, ಮೊಳೆ, ಸ್ತೇಫ್ಕಾಳಿಗೆ ಗೊತ್ತಾಗದಂತೆ ತಂದ ವಿನಿಗರ್ ಸೀಸೆ. ಡ್ರಾಯರುಗಳ ಹಿಂದೆ ಡ್ರಾಯರು, ಸಾಲಿನ ಹಿಂದೆ ಸಾಲು. ಇಪ್ಪತ್ತು ವರ್ಷದಿಂದ ಹೆಸರು ಹಿಡಿದು ಕರೆಯುತ್ತಿದ್ದ ನಾಲ್ಕು ಸಾವಿರದ ಇನ್ನೂರು ಕಲ್ಲುಗಳೂ ಅವನನ್ನು ಅಪರಿಚಿತರಂತೆ ನೋಡುತ್ತಿದ್ದವು. ಮೊದಲ ಡ್ರಾಯರು ಎಳೆದು, ಚೀಟಿಯನ್ನು ಅಂಗೈಯಿಂದ ಮುಚ್ಚಿಕೊಂಡು ಮೊದಲ ಕಲ್ಲನ್ನು ಎತ್ತಿಕೊಂಡ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೂರನೆಯ ಕಲ್ಲಿಗೆ ಬಂದಿದ್ದ. ಮೊದಲ ಎರಡರ ಬಗ್ಗೆ ಅವನಿಗೆ ಇನ್ನೂ ಖಾತ್ರಿಯಿರಲಿಲ್ಲ.